ವಿಝರ್ಡ್ ಆಫ್ ಆಝ್: ಮರೆಯಲ್ಲಿ ಕೂತ ಮನುಷ್ಯ

ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟವನ್ನು ಪ್ರಯೋಗ ಮಾಡಿ ನೋಡುವವರು, ಇನ್ನೂ ತಯಾರಾಗದ ಯಂತ್ರವನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸುವ ವಿಧಾನಕ್ಕೆ 'ವಿಝರ್ಡ್ ಆಫ್ ಆಝ್' ಅನ್ನುತ್ತಾರೆ. ಪ್ರಯೋಗಕ್ಕೆ ಬಂದವರು ಕಂಪ್ಯೂಟರಿನ ಜೊತೆ ಮಾತಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಉತ್ತರ ಬರುವುದು ಮರೆಯಲ್ಲಿರುವ ಮನುಷ್ಯನಿಂದ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತು ಆಡಿಸುವವರ ಹಾಗೆ. 1900ರಲ್ಲಿ ಪ್ರಕಟವಾದ ಎಲ್. ಫ್ರಾಂಕ್ ಬಾಮ್ ಅವರ ಮಕ್ಕಳ ಕಾದಂಬರಿಯಲ್ಲಿ ಆಝ್ ಎಂಬ ನಾಡಿನ ಮಹಾಮಾಂತ್ರಿಕನೆಂದು ಹೆಸರಾದವನು ಪರದೆ ಬಿದ್ದಾಗ ಸಾಧಾರಣ ಮುದುಕನಾಗಿ ಸಿಕ್ಕಿಬೀಳುತ್ತಾನೆ. ಹೆಸರು ಅಲ್ಲಿಂದ ಬಂತು.

ನನಗೆ ಮೆಚ್ಚಿಕೆಯಾದ ಉದಾಹರಣೆ ಐಬಿಎಂನ ಜಾನ್ ಗೂಲ್ಡ್ ಮತ್ತು ಸಂಗಡಿಗರ 'ಕೇಳಿಸಿಕೊಳ್ಳುವ ಟೈಪ್‌ರೈಟರ್'. ಮಾತನ್ನು ನೆಚ್ಚುವಷ್ಟು ಸರಿಯಾಗಿ ಗುರುತಿಸುವ ಯಂತ್ರ ಆಗ ಇರಲಿಲ್ಲ. ಜನ ಪತ್ರದ ಒಕ್ಕಣೆ ಹೇಳುತ್ತ ಹೋದರು, ಟೈಪಿಸ್ಟ್ ಒಬ್ಬರು ಮರೆಯಲ್ಲಿ ಬೆರಳಾಡಿಸಿದರು, ಅಕ್ಷರ ತೆರೆಯ ಮೇಲೆ ಮೂಡಿತು. ಆ ಟೈಪಿಸ್ಟಿನ ಬುದ್ಧಿಗೆ ಕಡಿವಾಣ ಹಾಕಿದ್ದೇ ಇಲ್ಲಿನ ಜಾಣತನ. ಕೆಲವು ಪ್ರಯೋಗಗಳಲ್ಲಿ 'ಯಂತ್ರ'ಕ್ಕೆ ಗೊತ್ತಿದ್ದದ್ದು ಇಂತಿಷ್ಟೇ ಪದ. ಪಟ್ಟಿಯಲ್ಲಿಲ್ಲದ ಪದ ಕಿವಿಗೆ ಬಿದ್ದು ಅರ್ಥವಾದರೂ ತೆರೆಗೆ ಬರುವಂತಿರಲಿಲ್ಲ. ಒಮ್ಮೆ ಸಲೀಸಾಗಿ ಹೇಳಿಸಿದರು, ಒಮ್ಮೆ ಪದಪದಕ್ಕೂ ನಿಲ್ಲಿಸಿ ಹೇಳಿಸಿದರು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು: ಇಂಥ ಅರೆಕೊರೆ ಯಂತ್ರದ ಕೆಲವು ಬಗೆಗಳು ಮೊದಲ ಬಳಕೆಯಲ್ಲೇ ಕೈಬರಹಕ್ಕೆ ಸರಿಸಾಟಿಯಾಗಿದ್ದವು, ಪದಪಟ್ಟಿ ದೊಡ್ಡದಿದ್ದರೆ, ನಿಲ್ಲಿಸಿ ಮಾತಾಡಬೇಕಾದ ಯಂತ್ರವೂ ಉಪಯೋಗಕ್ಕೆ ಬಂದೀತು. ಯಂತ್ರ ಹುಟ್ಟುವ ಮೊದಲೇ ಅದರ ಯೋಗ್ಯತೆ ಗೊತ್ತಾಯಿತು!

ಅದೇ ಕಾಲದಲ್ಲಿ ಸಂಶೋಧಕ ಜೆ. ಎಫ್. ಕೆಲ್ಲಿ ದಿನಚರಿ ನೋಡಿಕೊಳ್ಳುವ ತಂತ್ರಾಂಶಕ್ಕೆ ಇದೇ ದಾರಿ ಹಿಡಿದರು. ವಿಧಾನಕ್ಕೆ ಆಝ್‌ನ ಹೆಸರು ಅಂಟಿದ್ದು ಅವರ ಕೆಲಸದಿಂದ. ಜನ ಟೈಪ್ ಮಾಡಿದ ಮಾತುಗಳನ್ನು ತಂತ್ರಾಂಶಕ್ಕೆ ಕಲಿಸುತ್ತ, ಮರೆಯವನ ನೆರವನ್ನು ಹಂತಹಂತವಾಗಿ ಕಡಿಮೆ ಮಾಡಿದರು.

ಇದರಲ್ಲಿ ಒಂದು ವಂಚನೆಯೂ ಇದೆ ಎಂಬುದನ್ನು ಮರೆಯಬಾರದು. ಮುಗಿದ ಮೇಲೆ ನಿಜ ಹೇಳಿ, ದಾಖಲೆ ಬಳಸಿಕೊಳ್ಳಲು ಒಪ್ಪಿಗೆ ಕೇಳಲೇಬೇಕು. ಬೇಡವೆಂದವರ ಮಾತನ್ನು ಅಳಿಸಬೇಕು.

ಕನ್ನಡದ ಮಾತಿಗೆ ಉತ್ತರಿಸುವ ಸೇವೆ ಕಟ್ಟುವವರು ಮೊದಲು ಹೀಗೆ ಕೆಲವು ದಿನ ಮನುಷ್ಯರನ್ನೇ ಕೂರಿಸಿ ನೋಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. 'ಪಹಣಿ ಪಡೆಯುವ ವಿಧಾನ ತಿಳಿಸಿ' ಎಂದು ಫೋನಿನಲ್ಲಿ ಯಾರು ಕೇಳುತ್ತಾರೆ? ಧಾರವಾಡದ ಕಡೆಯವರು 'ಪಹಣಿ ತಗಸೂದು ಹ್ಯಾಂಗ್ರಿ' ಅಂದಾರು, ಮಂಡ್ಯದ ಕಡೆಯವರು 'ಪಾಣಿ ಎಲ್ಲಿ ಕೊಡ್ತಾರೆ' ಅಂದಾರು. ಆ ಮಾತು ಮೊದಲು ಮನುಷ್ಯನ ಕಿವಿಗೇ ಬೀಳಲಿ.