ಬಿಟ್ ಈಗ ಎಲ್ಲಿದೆ? ಓರೆ ಬಾವಿಯ ಕೈಲೆಕ್ಕ

ಬೋರ್‌ವೆಲ್ ಎಂದರೆ ನಮ್ಮ ಕಣ್ಣಿಗೆ ಬರುವುದು ನೇರ ಕೆಳಕ್ಕಿಳಿಯುವ ತೂತು. ಸಮುದ್ರದ ತೈಲಬಾವಿಗಳು ಬಹುಪಾಲು ಹಾಗಿರುವುದಿಲ್ಲ. ಮುಂಬೈಯಿಂದ ಸುಮಾರು 160 ಕಿ.ಮೀ. ಪಶ್ಚಿಮದಲ್ಲಿ, 1974ರಲ್ಲಿ ತೈಲ ಸಿಕ್ಕ ಮುಂಬೈ ಹೈನಲ್ಲಿ ಒಂದೇ ಪ್ಲಾಟ್‌ಫಾರ್ಮ್‌ನಿಂದ ಹಲವು ಬಾವಿಗಳು ಓರೆಯಾಗಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಇಂಗ್ಲೆಂಡಿನ ವಿಚ್ ಫಾರ್ಮ್‌ನಲ್ಲಿ ನೆಲದ ಮೇಲೆ ನಿಂತ ರಿಗ್ಗು 1990ರ ದಶಕದ ಕೊನೆಗೆ ಕಡಲಿನಡಿ ಹತ್ತು ಕಿಲೋಮೀಟರಿಗೂ ಆಚೆ ತಲುಪಿತ್ತು. ಇಂಥ ಬಾವಿ ಕೊರೆಯುವಾಗ ಪಾಳಿಯುದ್ದಕ್ಕೂ ಕಾಡುವ ಪ್ರಶ್ನೆಗಳು ಎರಡು: ಕೊಳವೆಯ ತುದಿಯಲ್ಲಿ ಬಂಡೆ ಕೊರೆಯುವ ಬಿಟ್ ಈಗ ಎಲ್ಲಿದೆ, ಹೀಗೇ ಹೋದರೆ ಎಲ್ಲಿಗೆ ಮುಟ್ಟುತ್ತದೆ?

ಇಂದು ಉತ್ತರ ಕೊಡುವುದು ಕಂಪ್ಯೂಟರ್. ಆದರೂ ಬಾವಿಯ ದಿಕ್ಕು ನೋಡಿಕೊಳ್ಳುವ ಡೈರೆಕ್ಷನಲ್ ಡ್ರಿಲ್ಲರ್ ಆದವನಿಗೆ ಕ್ಯಾಲ್ಕ್ಯುಲೇಟರ್ ಮತ್ತು ಒಂದು ಹಾಳೆಯಲ್ಲಿ ಈ ಲೆಕ್ಕ ಬರಲೇಬೇಕು. ತಪ್ಪು ಅಂಕಿ ಕೊಟ್ಟರೂ ಸಾಫ್ಟ್‌ವೇರ್ ನಾಲ್ಕು ದಶಮಾಂಶದವರೆಗೆ ಉತ್ತರ ಕೊಡುತ್ತದೆ. ಆ ಉತ್ತರ ಸುಳ್ಳೆಂದು ತಿಳಿಯಬೇಕಾದರೆ ಸುಮಾರು ಎಷ್ಟು ಬರಬೇಕೆಂಬುದು ಮೊದಲೇ ಗೊತ್ತಿರಬೇಕು.

ಬಾವಿಯ ಒಂದೊಂದು ಆಳದಲ್ಲಿ ಅಳತೆ ತೆಗೆಯುವುದಕ್ಕೆ ಸರ್ವೆ ಎನ್ನುತ್ತಾರೆ. ಅದರಲ್ಲಿ ಅಳತೆಗಳು ಮೂರೇ. ಕೊಳವೆಯುದ್ದಕ್ಕೂ ಅಳೆದ ಆಳ, ಅಂದರೆ ಎಂಡಿ. ಲಂಬರೇಖೆಯಿಂದ ತೂತು ಎಷ್ಟು ವಾಲಿದೆ ಎಂಬ ಇನ್‌ಕ್ಲಿನೇಶನ್. ಉತ್ತರದಿಂದ ಎಷ್ಟು ಡಿಗ್ರಿ ತಿರುಗಿದೆ ಎಂಬ ಅಜಿಮತ್. ಹಿಂದೊಮ್ಮೆ ವಾಲುವಿಕೆಯನ್ನು ಅಳೆಯಲು ಹೈಡ್ರೋಫ್ಲೋರಿಕ್ ಆಮ್ಲ ತುಂಬಿದ ಗಾಜಿನ ಕೊಳವೆ ಇಳಿಸುತ್ತಿದ್ದರು. ಆಮ್ಲ ಗಾಜನ್ನು ತಿಂದು ಬಿಟ್ಟ ಗೆರೆ ಎಷ್ಟು ಓರೆಯೋ ಬಾವಿ ಅಷ್ಟು ಓರೆ. ಆಮೇಲೆ ಕ್ಯಾಮೆರಾ ಬಂತು. ಈಗ ಕೊರೆಯುವಾಗ ಕೊಳವೆಯೊಳಗೆ ಹರಿಸುವ ಕೆಸರಿನ ಒತ್ತಡದ ಮಿಡಿತಗಳ ಮೂಲಕ ಅಂಕಿ ಮೇಲೆ ಬರುತ್ತದೆ. 1934ರಲ್ಲಿ ಟೆಕ್ಸಾಸಿನ ಕಾನ್ರೋದಲ್ಲಿ ಹತೋಟಿ ತಪ್ಪಿದ ಬಾವಿಯೊಂದನ್ನು ಜಾನ್ ಈಸ್ಟ್‌ಮನ್ ಪಕ್ಕದಿಂದ ಓರೆ ಬಾವಿ ಕೊರೆಸಿ ಅಡಗಿಸಿದ್ದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ.

ಒಂದು ಉದಾಹರಣೆ ಹಿಡಿದು ಹೋಗೋಣ. 1470 ಮೀಟರಿನ ಸರ್ವೆಯಲ್ಲಿ ವಾಲು 27°, ಅಜಿಮತ್ 120°. 1500ರಲ್ಲಿ 30° ಮತ್ತು 122°. ಎರಡರ ಸರಾಸರಿ ವಾಲು 28.5°, ಸರಾಸರಿ ದಿಕ್ಕು 121°. ಲಂಬ ಆಳದಲ್ಲಿ ಇಳಿದದ್ದು 30 × ಕಾಸ್ 28.5 = 26.36 ಮೀ. ಅಡ್ಡಕ್ಕೆ ಸರಿದದ್ದು 30 × ಸೈನ್ 28.5 = 14.31 ಮೀ. ಅದನ್ನು 121°ಯ ಕಾಸ್‌ನಿಂದ ಗುಣಿಸಿದರೆ ದಕ್ಷಿಣಕ್ಕೆ 7.37, ಸೈನ್‌ನಿಂದ ಗುಣಿಸಿದರೆ ಪೂರ್ವಕ್ಕೆ 12.27. ಇದು ಸರಾಸರಿ ಕೋನದ ವಿಧಾನ. ಉದ್ಯಮ ಒಪ್ಪಿಕೊಂಡಿರುವ ವಿಧಾನ ಬೇರೆ: ಎರಡು ಸರ್ವೆಗಳ ನಡುವಿನ ತೂತು ಒಂದು ವೃತ್ತದ ತುಣುಕು ಎಂದು ಹಿಡಿಯುವ ಮಿನಿಮಮ್ ಕರ್ವೇಚರ್. ಅದರಲ್ಲಿ ಇದೇ ಲೆಕ್ಕ ಮಾಡಿದರೆ ಲಂಬ ಆಳದಲ್ಲಿ ಬರುವ ವ್ಯತ್ಯಾಸ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಸರ್ವೆಗಳು ಮೂವತ್ತು ಮೀಟರಿಗೊಂದರಂತೆ ಇದ್ದು, ತಿರುವು ಸೌಮ್ಯವಾಗಿದ್ದರೆ ಕೈಲೆಕ್ಕಕ್ಕೆ ಸರಾಸರಿ ಕೋನ ಧಾರಾಳ ಸಾಕು. ಒಂದೇ ಎಚ್ಚರಿಕೆ: ಉತ್ತರವನ್ನು ದಾಟುವಾಗ 358° ಮತ್ತು 2°ಯ ಸರಾಸರಿ 180° ಅಲ್ಲ, ಸೊನ್ನೆ.

ಮಾಡಬಾರದ್ದು, ಕೆಳಗಿನ ಸರ್ವೆಯ ಕೋನವನ್ನೇ ಇಡೀ 30 ಮೀಟರಿಗೆ ಹಚ್ಚುವ ಹಳೆಯ ಟ್ಯಾಂಜೆನ್ಶಿಯಲ್ ವಿಧಾನ. ಸೊನ್ನೆಯಿಂದ 30°ವರೆಗೆ 30 ಮೀಟರಿಗೆ 3°ಯಂತೆ ಬಾಗಿಸಿದ ಬಾವಿಯನ್ನು ಅದು ನಿಜಕ್ಕಿಂತ ಏಳೂವರೆ ಮೀಟರ್ ದೂರ, ಎರಡು ಮೀಟರ್ ಮೇಲೆ ತೋರಿಸುತ್ತದೆ.

ಮುಂದೆ ಡಾಗ್‌ಲೆಗ್, ಅಂದರೆ ಒಟ್ಟು ತಿರುವು. ವಾಲು 3° ಏರಿತು, ಅಜಿಮತ್ 2° ಹೊರಳಿತು. ಎರಡನ್ನೂ ಸುಮ್ಮನೆ ಕೂಡಿಸುವಂತಿಲ್ಲ, ಏಕೆಂದರೆ ಕಡಿಮೆ ವಾಲಿದ ಬಾವಿಯಲ್ಲಿ ಅಜಿಮತ್‌ನ ಒಂದು ಡಿಗ್ರಿಗೆ ಬೆಲೆ ಕಡಿಮೆ. 2ನ್ನು ಸೈನ್ 28.5ರಿಂದ ಗುಣಿಸಿದರೆ 0.95. 3ರ ವರ್ಗಕ್ಕೆ 0.95ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 3.15°. ಪೂರ್ತಿ ಗೋಳ ತ್ರಿಕೋನಮಿತಿಯ ಸೂತ್ರದಲ್ಲೂ ಉತ್ತರ ಅಷ್ಟೇ.

ಇಲ್ಲಿಯವರೆಗಿನದು ಆಗಿಹೋದದ್ದರ ಲೆಕ್ಕ. ತೊಂದರೆ ಶುರುವಾಗುವುದು ಇನ್ನು ಮುಂದೆ. ಅಳೆಯುವ ಸೆನ್ಸರ್ ಬಿಟ್ಟಿನ ಬೆನ್ನಲ್ಲೇ ಇರುವುದಿಲ್ಲ. ನಡುವೆ ಕೆಸರಿನ ಹರಿವಿನಿಂದ ತಿರುಗುವ ಮಡ್ ಮೋಟಾರ್ ಇದೆ, ಅಯಸ್ಕಾಂತಕ್ಕೆ ಸ್ಪಂದಿಸದ ಕಾಲರ್ ಎಂಬ ದಪ್ಪ ಕೊಳವೆ ಇದೆ. ಅಂತರ 15 ಮೀಟರ್ ಎಂದಿಟ್ಟುಕೊಳ್ಳಿ. ಸೆನ್ಸರ್ 1500ರಲ್ಲಿ 30° ಎನ್ನುವಾಗ ಬಿಟ್ 1515ರಲ್ಲಿದೆ. ಆ ಹದಿನೈದು ಮೀಟರನ್ನು ಇನ್ನೂ ಯಾರೂ ಅಳೆದಿಲ್ಲ.

ಅದನ್ನು ಊಹಿಸಲು ಇರುವ ಆಧಾರ ಮೋಟಾರಿನ ಇಳುವರಿ. ಮೋಟಾರಿನ ಕೆಳಭಾಗದಲ್ಲಿ ಒಂದೂವರೆ ಡಿಗ್ರಿ ಆಸುಪಾಸಿನ ಒಂದು ಬಾಗು ಇರುತ್ತದೆ. ಮೇಲಿನ ಕೊಳವೆ ತಿರುಗಿಸದೆ, ಆ ಬಾಗನ್ನು ಬೇಕಾದ ಕಡೆಗೆ ಮುಖಮಾಡಿಸಿ, ಮೋಟಾರ್ ಮಾತ್ರ ಬಿಟ್ಟನ್ನು ತಿರುಗಿಸುವಂತೆ ಕೊರೆದರೆ ಅದು ಸ್ಲೈಡ್; ಬಾವಿ ತಿರುಗುತ್ತದೆ. ಇಡೀ ಕೊಳವೆ ತಿರುಗಿಸಿ ಕೊರೆದರೆ ಬಾವಿ ಹೆಚ್ಚುಕಡಿಮೆ ನೇರ ಹೋಗುತ್ತದೆ. ನಮ್ಮ ಬಾವಿಯಲ್ಲಿ 1472ರಿಂದ 1484ವರೆಗೆ 12 ಮೀಟರ್ ಸ್ಲೈಡ್ ಆಗಿದೆ. 3.15ನ್ನು 12ರಿಂದ ಭಾಗಿಸಿದರೆ ಮೀಟರಿಗೆ 0.26°. 1500ರಿಂದ ಕೆಳಗೆ, 1502ರಿಂದ 1508ವರೆಗೆ, ಇನ್ನೂ 6 ಮೀಟರ್ ಸ್ಲೈಡ್ ಆಗಿದೆ, ಬಾಗು ನೇರ ಮೇಲ್ಮುಖವಾಗಿ. 6 × 0.26 = ಸುಮಾರು 1.6°. ಹಾಗಾದರೆ ಬಿಟ್ಟಿನಲ್ಲಿ ವಾಲು 31.6°, ಅಜಿಮತ್ 122°ಯೇ.

ಹೊಸಬರು ಎಡವುವುದು ಇಲ್ಲೇ. ಹಿಂದಿನ ಸರ್ವೆ ಬಂದಾಗ ಬಿಟ್ 1485ರಲ್ಲಿತ್ತು, ಈಗ 1515ರಲ್ಲಿದೆ. ಆದ್ದರಿಂದ ಈ ನಡುವೆ ಮಾಡಿದ ಸ್ಲೈಡೇ ಈ 3.15°ಗೆ ಕಾರಣ ಎಂದು ಹಿಡಿದುಬಿಡುತ್ತಾರೆ. ಆ ಅವಧಿಯಲ್ಲಿ ಆದ ಸ್ಲೈಡ್ 6 ಮೀಟರ್ ಮಾತ್ರ. ಇಳುವರಿ ಮೀಟರಿಗೆ 0.52° ಎಂದು ಬರುತ್ತದೆ, ನಿಜದ ಇಮ್ಮಡಿ. ಬಿಟ್ಟಿನ ವಾಲು 33.1° ಎಂದು ನಂಬಿ, ಬೇಕಾದ ಸ್ಲೈಡನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಸರ್ವೆ ಬಂದ ಹೊತ್ತು ಮುಖ್ಯವಲ್ಲ, ತೂತಿನ ಆಳ ಮುಖ್ಯ. ಸ್ಲೈಡ್ ಶೀಟಿನಲ್ಲಿ ಎಲ್ಲಿಂದ ಎಲ್ಲಿಗೆ ಎಂಬ ಎರಡು ಅಂಕಿ ಬರೆಯುವುದು ಇದಕ್ಕಾಗಿ, ಬರಿಯ "6 ಮೀ. ಸ್ಲೈಡ್" ಎಂಬ ಟಿಪ್ಪಣಿಯಿಂದ ಏನೂ ಪ್ರಯೋಜನವಿಲ್ಲ.

ಬಾಗು ನೇರ ಮೇಲಕ್ಕಿರದೆ 30° ಬಲಕ್ಕಿದ್ದರೆ? ಈ ಕೋನಕ್ಕೆ ಟೂಲ್‌ಫೇಸ್ ಎನ್ನುತ್ತಾರೆ. ಆಗ 1.57°ಯ ತಿರುವು ಹಂಚಿಹೋಗುತ್ತದೆ: ವಾಲಿಗೆ 1.57 × ಕಾಸ್ 30 = 1.36°, ದಿಕ್ಕಿಗೆ 1.57 × ಸೈನ್ 30 ಭಾಗಿಸು ಸೈನ್ 30.7, ಅಂದರೆ ಸುಮಾರು 1.5°. ಕೊನೆಯ ಆ ಸೈನ್ ಸರಾಸರಿ ವಾಲಿನದು; ಬಾವಿ ಬರಿಯ ಎರಡು ಮೂರು ಡಿಗ್ರಿ ವಾಲಿದ್ದಾಗ ಅದು ತೀರ ಚಿಕ್ಕದಾಗಿ ಈ ಸರಳ ಸೂತ್ರ ಕೈಕೊಡುತ್ತದೆ. ಅಲ್ಲಿ ಗ್ರಾಫ್ ಹಾಳೆಯ ಮೇಲಿನ ರಾಗ್ಲಂಡ್ ಚಿತ್ರವೇ ವಾಸಿ. ವಾಲಿನಷ್ಟು ಉದ್ದದ ನೆಟ್ಟಗಿನ ಗೆರೆ ಎಳೆಯಿರಿ, ಅದರ ತುದಿಯಿಂದ ಟೂಲ್‌ಫೇಸ್ ಕೋನದಲ್ಲಿ ತಿರುವಿನಷ್ಟು ಉದ್ದದ ಇನ್ನೊಂದು ಗೆರೆ. ಮೊದಲ ಗೆರೆಯ ಬುಡದಿಂದ ಎರಡನೆಯದರ ತುದಿಗಿರುವ ದೂರ ಹೊಸ ವಾಲು, ನಡುವಿನ ಕೋನ ಅಜಿಮತ್‌ನ ಬದಲಾವಣೆ. ಸ್ಕೇಲು, ಪ್ರೊಟ್ರಾಕ್ಟರ್ ಎರಡೇ ಸಾಕು. ಆದರೆ ಇದು ಸಣ್ಣ ವಾಲಿಗಷ್ಟೇ ಹೇಳಿಮಾಡಿಸಿದ್ದು. 80° ವಾಲಿದ ಬಾವಿಯಲ್ಲಿ ಇದು ದಿಕ್ಕಿನ ಬದಲಾವಣೆಯನ್ನು ಸುಮಾರು ಶೇ. 30ರಷ್ಟು ಕಡಿಮೆ ತೋರಿಸುತ್ತದೆ.

ಈಗ ಗುರಿ. ಬಿಟ್ ಇರುವುದು 1499 ಮೀ. ಲಂಬ ಆಳದಲ್ಲಿ, ಬಾವಿಯ ಬಾಯಿಯಿಂದ 85 ಮೀ. ಅಡ್ಡಕ್ಕೆ. ಗುರಿ 2000 ಮೀ. ಆಳ, 435 ಮೀ. ಅಡ್ಡ. ಉಳಿದದ್ದು 501 ಕೆಳಕ್ಕೆ, 350 ಅಡ್ಡಕ್ಕೆ. 350ನ್ನು 501ರಿಂದ ಭಾಗಿಸಿ ಟ್ಯಾನ್ ವಿಲೋಮ ತೆಗೆದರೆ 34.9°. ಬಿಟ್ಟಿನ 31.6° ಇದಕ್ಕಿಂತ ಕಡಿಮೆ, ಆದ್ದರಿಂದ ಇನ್ನಷ್ಟು ಏರಬೇಕು. 35° ಮುಟ್ಟಿಸಿ ಅಲ್ಲಿಂದ ನೇರ ಹೋಗುವುದು ಒಂದು ದಾರಿ: 3.4ನ್ನು 0.26ರಿಂದ ಭಾಗಿಸಿದರೆ 13 ಮೀಟರ್ ಸ್ಲೈಡ್. ಇಡೀ ದಾರಿ ಒಂದೇ ಬಿಲ್ಲಿನಂತೆ ಬಾಗುತ್ತ ಹೋಗುವುದು ಇನ್ನೊಂದು. ಜ್ಯಾದ ಕೋನ ಮೊದಲ ಮತ್ತು ಕೊನೆಯ ವಾಲುಗಳ ಸರಾಸರಿ. ಹಾಗಾಗಿ ಕೊನೆಯ ವಾಲು 34.9ರ ಎರಡರಷ್ಟರಲ್ಲಿ 31.6 ಕಳೆದರೆ ಸಿಗುವ ಸುಮಾರು 38.3°. ದೂರ 611 ಮೀಟರ್, ಏರಿಕೆ 30 ಮೀಟರಿಗೆ 0.33°. ಇಷ್ಟು ಸಣ್ಣ ಏರಿಕೆಗೆ ಆಗಾಗ ಸ್ಲೈಡ್ ಮಾಡುತ್ತ ಕೂರುವುದು ಹೊತ್ತು ಕೆಡಿಸುವ ಕೆಲಸ, ಮೊದಲನೆಯದೇ ಲೇಸು.

ಆದರೆ ನೇರ ಹೋಗುತ್ತದೆ ಎಂಬುದು ಒಂದು ನಂಬಿಕೆ ಮಾತ್ರ. ಕೊಳವೆಯನ್ನು ತೂತಿನ ನಡುವೆ ಹಿಡಿದಿಡುವ ಸ್ಟೆಬಿಲೈಸರ್‌ಗಳು ಎಲ್ಲಿವೆ, ಬಿಟ್ಟಿನ ಮೇಲೆ ಎಷ್ಟು ಭಾರ ಬಿದ್ದಿದೆ, ಬಂಡೆಯ ಪದರ ಹೇಗೆ ವಾಲಿದೆ ಎಂಬುದರ ಮೇಲೆ ತಿರುಗಿಸುತ್ತ ಕೊರೆಯುವಾಗಲೂ ಬಾವಿ ಮೆಲ್ಲಗೆ ಏರುತ್ತದೆ ಇಲ್ಲವೇ ಇಳಿಯುತ್ತದೆ. 30 ಮೀಟರಿಗೆ 3°ಯಂತೆ ಏರಿ 35° ಮುಟ್ಟಲು ಸುಮಾರು 34 ಮೀಟರ್ ಹೋಗುತ್ತದೆ. ಆಮೇಲೆ 30 ಮೀಟರಿಗೆ ಬರಿಯ 0.2°ಯಂತೆ ವಾಲು ಇಳಿದರೂ ಉಳಿದ 577 ಮೀಟರಿನಲ್ಲಿ 3.8° ಹೋಯಿತು, ಗುರಿ 19 ಮೀಟರ್ ತಪ್ಪಿತು. ಒಂದೇ ಸರ್ವೆಯಲ್ಲಿ 0.2° ಕಣ್ಣಿಗೇ ಬೀಳುವುದಿಲ್ಲ, ನಾಲ್ಕೈದನ್ನು ಸಾಲಾಗಿಟ್ಟು ನೋಡಿದರೆ ಮಾತ್ರ ಕಾಣುತ್ತದೆ.

ಅಷ್ಟೇ ದೊಡ್ಡ ಏಟು ಕೊಡುವುದು ಉತ್ತರದ ಗೊಂದಲ. ದಿಕ್ಸೂಚಿಯ ಉತ್ತರ ಬೇರೆ, ನಕ್ಷೆಯ ಗ್ರಿಡ್ ಉತ್ತರ ಬೇರೆ. ಅಳೆದ ಅಜಿಮತ್‌ಗೆ ಡೆಕ್ಲಿನೇಶನ್ (ನಿಜ ಉತ್ತರದಿಂದ ದಿಕ್ಸೂಚಿಯ ಉತ್ತರ ಸರಿದ ಕೋನ) ಕೂಡಿಸಿ, ಗ್ರಿಡ್ ಕನ್ವರ್ಜೆನ್ಸ್ (ನಿಜ ಉತ್ತರದಿಂದ ಗ್ರಿಡ್ ಉತ್ತರ ಸರಿದ ಕೋನ) ಕಳೆಯಬೇಕು. ಎರಡಕ್ಕೂ ಪೂರ್ವ ಧನ, ಪಶ್ಚಿಮ ಋಣ. 1.5°ಯ ಕನ್ವರ್ಜೆನ್ಸ್‌ಗೆ ಚಿಹ್ನೆ ತಪ್ಪಿದರೆ ತಪ್ಪು ಒಂದೂವರೆಯಲ್ಲ, ಮೂರು. 350 ಮೀಟರಿನ ಅಡ್ಡ ದೂರಕ್ಕೆ ಅದು 18 ಮೀಟರ್. ಸಾಫ್ಟ್‌ವೇರಿನಲ್ಲಿ ಇದನ್ನು ಒಮ್ಮೆ ತಪ್ಪಾಗಿ ತುಂಬಿದರೆ ಆಮೇಲಿನ ಪ್ರತಿ ಸರ್ವೆಯೂ ಅಷ್ಟೇ ತಪ್ಪುತ್ತದೆ, ಹಾಳೆಯ ಮೇಲೆ ಎಲ್ಲವೂ ಚೆಂದ ಹೊಂದಿಕೊಂಡೇ ಇರುತ್ತದೆ.

ಬಿಟ್ 1530 ತಲುಪಿದಾಗ ಸೆನ್ಸರ್ 1515ಕ್ಕೆ ಬರುತ್ತದೆ. ಊಹಿಸಿದ್ದು 31.6°. ಬಂದದ್ದು 31.1° ಎನ್ನಿ. ಅಂದರೆ 6 ಮೀಟರ್ ಸ್ಲೈಡ್ ಕೊಟ್ಟದ್ದು 1.1° ಮಾತ್ರ, ಇಳುವರಿ 0.26 ಅಲ್ಲ, 0.18. ಸ್ಲೈಡ್ ಮಾಡುವಾಗ ಟೂಲ್‌ಫೇಸ್ ಅತ್ತಿತ್ತ ಅಲೆದಿರಬಹುದು, ಮೆದು ಪದರ ಬಂದಿರಬಹುದು, ಕೊಳವೆ ತೂತಿನ ಕೆಳಮಗ್ಗುಲಿಗೆ ಒರಗಿ ಭಾರ ಬಿಟ್ಟಿಗೆ ತಲುಪದೆ ಹೋಗಿರಬಹುದು. ಕಾರಣ ಹುಡುಕುವಷ್ಟರಲ್ಲಿ ಲೆಕ್ಕವನ್ನಂತೂ ತಿದ್ದಲೇಬೇಕು: ಆ 15 ಮೀಟರನ್ನು ತಿರುಗಿಸಿಯೇ ಕೊರೆದಿದ್ದರೆ, 35° ಮುಟ್ಟಲು ಇನ್ನು ಬೇಕಾದದ್ದು 13 ಮೀಟರ್ ಸ್ಲೈಡ್ ಅಲ್ಲ, 21.