ಕಿಡ್ನಿ ಜಾಸ್ತಿ ಸೋಸಿದ್ರೆ ಒಳ್ಳೇದಲ್ವಾ? ಬೊಜ್ಜು, ಹೃದಯ, ಕಿಡ್ನಿ ಟಿಪ್ಪಣಿ

ಅಡಲ್ಟ್ ಹೆಲ್ತ್ ನರ್ಸಿಂಗ್ ಪೇಪರಿಗೆ ಓದುವಾಗ ಒಂದು ಜಾಗದಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ, ನಿನ್ನೆ ರಾತ್ರಿ ಅಂತೂ ತಲೆಗೆ ಹೋಯ್ತು, ಮರೆಯುವ ಮೊದಲು ಬರೆದಿಡ್ತೇನೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹತ್ತನೇವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಇಂಗ್ಲಿಷ್ ಪುಸ್ತಕ, ಮಲಯಾಳ ಮಾತಾಡುವ ವಾರ್ಡ್ ಎರಡರ ಮಧ್ಯೆ ಇರುವವರಿಗೆ ಇದು ಉಪಯೋಗ ಆಗಬಹುದು. ಇನ್ಸುಲಿನ್ ಅಂದ್ರೆ ಎಂತ, ಬಿಪಿ ಹೇಗೆ ನೋಡುವುದು ಅಂತೆಲ್ಲ ಬರೆಯುವುದಿಲ್ಲ, ಅದು ನಿಮಗೆ ಗೊತ್ತುಂಟು.

ಮೊದಲು ಸಿಕೆಎಂ. ಕಾರ್ಡಿಯೋವಾಸ್ಕ್ಯುಲರ್, ಕಿಡ್ನಿ, ಮೆಟಬಾಲಿಕ್, ಮೂರೂ ಸೇರಿಸಿ 2023ರ ಅಕ್ಟೋಬರಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇಟ್ಟ ಹೆಸರು. ನಾವು ಇಷ್ಟು ದಿನ ಶುಗರಿಗೆ ಒಂದು ಚಾಪ್ಟರ್, ಹಾರ್ಟಿಗೆ ಒಂದು, ಕಿಡ್ನಿಗೆ ಇನ್ನೊಂದು ಅಂತ ಓದಿದ್ದು, ಆದರೆ ಒಬ್ಬ ಮನುಷ್ಯನ ಮೈಯಲ್ಲಿ ಮೂರೂ ಒಂದೇ ಬೇರಿನಿಂದ ಬರ್ತವೆ, ಹೆಚ್ಚಿನವರಿಗೆ ಆ ಬೇರು ಹೊಟ್ಟೆಯೊಳಗಿನ ಕೊಬ್ಬು. ಚರ್ಮದ ಕೆಳಗಿನ ಕೊಬ್ಬು ಅಷ್ಟು ಉಪದ್ರ ಕೊಡುವುದಿಲ್ಲ, ಕರುಳು ಲಿವರಿನ ಸುತ್ತ ಕೂತದ್ದು ಸುಮ್ಮನೆ ಕೂರುವುದಿಲ್ಲ, ಉರಿಯೂತದ ವಸ್ತುಗಳನ್ನು ರಕ್ತಕ್ಕೆ ಬಿಡ್ತಾ ಇರ್ತದೆ, ಇನ್ಸುಲಿನ್ ಹೇಳಿದ ಮಾತು ಜೀವಕೋಶಗಳಿಗೆ ಕೇಳದ ಹಾಗೆ ಮಾಡ್ತದೆ.

ಹಂತಗಳು ಐದು. ಸೊನ್ನೆ ಅಂದ್ರೆ ಏನೂ ಇಲ್ಲ. ಒಂದು, ಬೊಜ್ಜು ಅಥವಾ ಪ್ರಿಡಯಾಬಿಟಿಸ್ (ಶುಗರ್ ಗಡಿಯಲ್ಲಿ ಇರುವುದು) ಮಾತ್ರ. ಎರಡು, ಬಿಪಿ, ಶುಗರ್, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 135ಕ್ಕೆ ಮುಟ್ಟಿದ್ದು ಅಥವಾ ದಾಟಿದ್ದು, ಇಲ್ಲದಿದ್ರೆ ಕಿಡ್ನಿ ತೊಂದರೆ. ಮೂರು, ಹೊರಗೆ ಲಕ್ಷಣ ಇಲ್ಲ ಆದರೆ ಒಳಗೆ ರಕ್ತನಾಳ ಅಥವಾ ಹೃದಯ ಕೆಟ್ಟದ್ದು ಟೆಸ್ಟಿನಲ್ಲಿ ಕಾಣ್ತದೆ. ನಾಲ್ಕು, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹಾರ್ಟ್ ಫೇಲ್ಯೂರ್ ಆಗಿಹೋದವರು, ಅದರಲ್ಲಿ ಕಿಡ್ನಿ ಫೇಲ್ ಆಗದವರು ನಾಲ್ಕು ಎ, ಆದವರು ನಾಲ್ಕು ಬಿ. ಪರೀಕ್ಷೆಗೆ ಇಷ್ಟು ಸಾಕು.

ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ನಮ್ಮ ಗೆರೆ ಬೇರೆ ಅಂತ ನೆನಪಿಟ್ಕೊಳ್ಳಿ. ಬೇರೆಯವರಿಗೆ 25, ಏಷ್ಯಾದವರಿಗೆ 23. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದು ಮುಟ್ಟಿದ್ರೆ ಹಂತ ಒಂದು. ಕಮ್ಮಿ ತೂಕದಲ್ಲೇ ನಮಗೆ ಹೊಟ್ಟೆ ಬರ್ತದೆ, ಕೈಕಾಲು ಸಪೂರ ಇರ್ತದೆ, ಹಾಗಾಗಿ ನೋಡಿದವರು "ಇವನಿಗೆಂತ ಬೊಜ್ಜು" ಅಂತಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ತುಂಬ ಮಾಡಿದ ಸರ್ವೆಯ ಲೆಕ್ಕ 2023ರಲ್ಲಿ ಬಂತು, ದೊಡ್ಡವರಲ್ಲಿ 39.5 ಶೇಕಡ ಜನರಿಗೆ ಹೊಟ್ಟೆ ಬೊಜ್ಜು, 11.4 ಶೇಕಡಕ್ಕೆ ಡಯಾಬಿಟಿಸ್. ಹೊಟ್ಟೆ ಬಂದವರೆಲ್ಲ ಶುಗರಿನವರಲ್ಲ ಇನ್ನೂ, ಆ ನಡುವಿನ ಜಾಗದಲ್ಲೇ ನಮ್ಮ ಕೆಲಸ ಇರುವುದು.

ನನಗೆ ಬಹಳ ಇಷ್ಟವಾದ ಅಳತೆ ನೂಲಿನದ್ದು. ತಲೆಯಿಂದ ಕಾಲವರೆಗೆ ಎತ್ತರಕ್ಕೆ ಸರಿಯಾಗಿ ಒಂದು ನೂಲು ಕತ್ತರಿಸಿ, ಅದನ್ನು ಸರೀ ಅರ್ಧಕ್ಕೆ ಮಡಚಿ, ಹೊಟ್ಟೆಗೆ ಸುತ್ತಿ. ಎರಡು ತುದಿ ಸೇರಿದ್ರೆ ಸರಿ, ಸೇರದಿದ್ರೆ ಹೊಟ್ಟೆ ಎತ್ತರದ ಅರ್ಧಕ್ಕಿಂತ ಜಾಸ್ತಿ ಉಂಟು, ಅಪಾಯ ಶುರು. ತಕ್ಕಡಿ ಬೇಡ, ಕ್ಯಾಲ್ಕುಲೇಟರ್ ಬೇಡ, ಹೆಣ್ಣು ಗಂಡು ಅಂತ ಬೇರೆ ಬೇರೆ ಗೆರೆ ನೆನಪಿಡ್ಲಿಕ್ಕೂ ಇಲ್ಲ. ಸುತ್ತುವ ಜಾಗ ಮಾತ್ರ ತಪ್ಪಬೇಡಿ, ಲುಂಗಿ ಕಟ್ಟುವ ಜಾಗ ಅಲ್ಲ ಅದು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬು ಇವೆರಡರ ಸರೀ ಮಧ್ಯ, ಉಸಿರು ಸಹಜವಾಗಿ ಬಿಟ್ಟಾಗ. ಲುಂಗಿ ಹೊಟ್ಟೆಯ ಕೆಳಗೆ ಜಾರಿರ್ತದೆ, ಅಲ್ಲಿ ಅಳೆದ್ರೆ ಹೊಟ್ಟೆಯೇ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಮಾವನಿಗೆ ಅಳೆದೆ, ಎತ್ತರ 165, ಅರ್ಧ ಅಂದ್ರೆ ಎಂಬತ್ತೆರಡೂವರೆ, ಹೊಟ್ಟೆ 101. ನೂಲಿನ ಎರಡು ತುದಿಯ ಮಧ್ಯೆ ನನ್ನ ಒಂದು ಗೇಣು ಜಾಗ ಖಾಲಿ ಇತ್ತು. ಮಾವ ಅದನ್ನೇ ಸುಮಾರು ಹೊತ್ತು ನೋಡಿದ್ರು, ತೂಕದ ನಂಬರ್ ಹೇಳಿದಾಗ ಹಾಗೆ ನೋಡಿರ್ಲಿಲ್ಲ.

ಇನ್ನು ನಾನು ಸಿಕ್ಕಿಬಿದ್ದ ಜಾಗ.

ಮಾವನಿಗೆ 44, ಶುಗರ್ ಗಡಿಯಲ್ಲಿ, ಬಿಪಿ 146/92, ತೂಕ 78. ಒಂದು ಕಡೆ ಪ್ಯಾಕೇಜ್ ಟೆಸ್ಟ್ ಮಾಡಿಸಿ ರಿಪೋರ್ಟ್ ಹಿಡ್ಕೊಂಡು ಬಂದು "ನೋಡು ಮಗಾ, ಕಿಡ್ನಿ ಫಸ್ಟ್ ಕ್ಲಾಸ್ ಉಂಟಂತೆ" ಅಂದ್ರು. ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ಕಸ) 0.6, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸ್ತದೆ ಅನ್ನುವ ಅಂದಾಜು) 122. ನಾನೂ ತಲೆಯಾಡಿಸಿದೆ. 90ರ ಮೇಲೆ ನಾರ್ಮಲ್, 60ರ ಕೆಳಗೆ ಮೂರು ತಿಂಗಳು ಇದ್ರೆ ಕಿಡ್ನಿ ಕಾಯಿಲೆ ಅಂತ ಓದಿದ್ದೆ, 122 ಅಂದ್ರೆ ನೂರಕ್ಕೆ ನೂರಿಪ್ಪತ್ತೆರಡು ಮಾರ್ಕ್ ಬಂದ ಹಾಗೆ ಅಂತ ಎಣಿಸಿದೆ. ಅದೇ ರಾತ್ರಿ ಪುಸ್ತಕದಲ್ಲಿ "ಬೊಜ್ಜಿನಿಂದ ಕಿಡ್ನಿ ಹಾಳಾಗುವ ಮೊದಲ ಹಂತ ಹೈಪರ್‌ಫಿಲ್ಟ್ರೇಷನ್, ಅಂದ್ರೆ ಜಿಎಫ್‌ಆರ್ ಏರುವುದು" ಅಂತ ಸಿಕ್ಕಿತು. ಕಿಡ್ನಿ ಜಾಸ್ತಿ ಸೋಸಿದ್ರೆ ರಕ್ತ ಜಾಸ್ತಿ ಕ್ಲೀನ್ ಆಗ್ಬೇಕಲ್ಲಾ, ಅದು ಹಾಳಾಗುವುದರ ಗುರುತು ಹೇಗಾಗ್ತದೆ? ಇದೇ ಎರಡು ದಿನ ತಿಂದದ್ದು.

ಬಿಡಿಸಿಕೊಟ್ಟದ್ದು ಅಡಿಕೆ ತೋಟದ ನೀರು. ಹೀಗೆ ಎಣಿಸಿ. ಪಂಪಿನಿಂದ ನೀರು ಒಂದು ಪೈಪಲ್ಲಿ ಬರ್ತದೆ, ಅದಕ್ಕೊಂದು ಗೇಟ್ ವಾಲ್ವ್ ಉಂಟು, ಇದು ಕಿಡ್ನಿಯ ಒಳಬರುವ ರಕ್ತನಾಳ, ಅಫೆರೆಂಟ್. ನೀರು ಒಂದು ಬಟ್ಟೆಯ ಸೋಸುವ ಚೀಲಕ್ಕೆ ಬೀಳ್ತದೆ, ಅದು ಗ್ಲೊಮೆರುಲಸ್. ಚೀಲದಿಂದ ಹೊರಹೋಗುವ ಪೈಪಿಗೂ ಒಂದು ವಾಲ್ವ್, ಅದು ಎಫೆರೆಂಟ್. ಚೀಲದಿಂದ ಸೋಸಿ ಇಳಿದ ನೀರು ತೋಟದ ಕಣಿಯಲ್ಲಿ ಹರಿದು ಹೋಗ್ತದೆ, ಕಣಿ ಅಂದ್ರೆ ಟ್ಯೂಬ್ಯೂಲ್. ವಿಚಿತ್ರ ಎಂತ ಅಂದ್ರೆ ಈ ಕಣಿ ತೋಟ ಇಡೀ ಸುತ್ತಿ ಬಂದು ಮತ್ತೆ ಪಂಪ್ ಶೆಡ್ಡಿನ ಹತ್ತಿರವೇ ಹಾದು ಹೋಗ್ತದೆ, ಅಲ್ಲಿ ಒಬ್ಬ ಕಾವಲಿನವ ನಿಂತಿದ್ದಾನೆ, ಅವನ ಹೆಸರು ಮ್ಯಾಕ್ಯುಲಾ ಡೆನ್ಸಾ. ಅವನ ಕೈಗೆ ಒಳಗಿನ ವಾಲ್ವ್ ಎಟಕ್ತದೆ. ಕಣಿಯಲ್ಲಿ ಬರುವ ಉಪ್ಪು ಕಮ್ಮಿ ಇದ್ರೆ ಅವನು ವಾಲ್ವ್ ತೆರೀತಾನೆ, ಜಾಸ್ತಿ ಇದ್ರೆ ಮುಚ್ತಾನೆ. ಅವನಿಗೆ ಗೊತ್ತಿರುವುದು ಅಷ್ಟೇ, ಮೇಲೆ ತೋಟದಲ್ಲಿ ಎಂತ ನಡೀತಾ ಉಂಟು ಅಂತ ಅವನಿಗೆ ಕಾಣುವುದಿಲ್ಲ.

ಈಗ ಶುಗರ್ ಜಾಸ್ತಿ ಇರುವವನ ತೋಟ ನೋಡಿ. ಕಣಿಯ ಶುರುವಿನಲ್ಲೇ ಸಕ್ಕರೆಯನ್ನು ವಾಪಸ್ ಎಳ್ಕೊಳ್ಳುವ ಬಾಗಿಲುಗಳುಂಟು, ಎಸ್‌ಜಿಎಲ್‌ಟಿ2 ಅಂತ, ಆ ಬಾಗಿಲು ಸಕ್ಕರೆಯ ಜೊತೆ ಸೋಡಿಯಂ, ಅಂದ್ರೆ ಉಪ್ಪಿನ ಅಂಶ ಕೂಡ ಎಳೀತದೆ. ಸಕ್ಕರೆ ಜಾಸ್ತಿ ಬಂದಷ್ಟು ಬಾಗಿಲು ಜಾಸ್ತಿ ಕೆಲಸ ಮಾಡ್ತದೆ, ಉಪ್ಪೆಲ್ಲ ಮೇಲೆಯೇ ಖಾಲಿ. ಬೊಜ್ಜಿದ್ದವರಲ್ಲಿ ಸಕ್ಕರೆ ಏರದಿದ್ರೂ ಇದೇ ಕತೆ, ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನು ಮತ್ತು ಸಿಂಪಥೆಟಿಕ್ ನರಗಳು ಉಪ್ಪನ್ನು ಹಿಡಿದಿಟ್ಕೊಳ್ಳಿ ಅಂತ ಕಿಡ್ನಿಗೆ ಹೇಳ್ತಾ ಇರ್ತವೆ. ಕಾವಲಿನವನ ಹತ್ತಿರ ಬರುವಾಗ ಉಪ್ಪು ಕಮ್ಮಿ. ಅವನು "ನೀರೇ ಬರ್ತಾ ಇಲ್ಲ" ಅಂತ ಎಣಿಸಿ ವಾಲ್ವ್ ಪೂರ್ತಿ ತೆರೀತಾನೆ. ಅತ್ತ ಆಂಜಿಯೋಟೆನ್ಸಿನ್ ಹೊರಗಿನ ವಾಲ್ವ್ ಬಿಗಿ ಮಾಡಿಟ್ಟಿದೆ. ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದಕ್ಕೆ ದಾರಿ ಸಣ್ಣ, ಚೀಲ ಉಬ್ತದೆ. ಉಬ್ಬಿದ ಚೀಲದಿಂದ ನೀರು ಜಾಸ್ತಿ ಇಳೀತದೆ. ಅದೇ 122.

ನಾನು ಅದನ್ನು ಕಿಡ್ನಿಯ ಶಕ್ತಿ ಅಂತ ಓದಿದ್ದೆ, ಅದು ಪ್ರೆಶರ್. ಬಟ್ಟೆ ಚೀಲಕ್ಕೆ ದಿನಾ ಅಷ್ಟು ಪ್ರೆಶರ್ ಬಿದ್ರೆ ನೂಲು ಸಡಿಲ ಆಗ್ತದೆ, ಅಲ್ಲಿಂದ ಹೋಗಬಾರದ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಸೋರ್ಲಿಕ್ಕೆ ಶುರು. ಮತ್ತೆ ಕೆಲವು ಚೀಲ ಗಟ್ಟಿಯಾಗಿ ಮುಚ್ಚಿಹೋಗ್ತವೆ, ಉಳಿದವುಗಳ ಮೇಲೆ ಇನ್ನೂ ಭಾರ, ಆಗಲೂ ಒಟ್ಟು ಲೆಕ್ಕ ಮಾತ್ರ ಸುಮಾರು ದಿನ ನಾರ್ಮಲ್ ತೋರಿಸ್ತದೆ. 122ರಿಂದ 95ಕ್ಕೆ ಇಳಿದವನ ರಿಪೋರ್ಟಿನಲ್ಲೂ ನಾರ್ಮಲ್ ಅಂತಲೇ ಬರ್ತದೆ! 60ರ ಕೆಳಗೆ ಬರುವ ಹೊತ್ತಿಗೆ ಚೀಲಗಳು ಎಷ್ಟೋ ಹೋಗಿರ್ತವೆ. ಹಾಗಂತ 122 ಕಂಡವರಿಗೆಲ್ಲ ಕಾಯಿಲೆ ಅಂತ ಹೇಳ್ಲಿಕ್ಕೆ ಬರುವುದಿಲ್ಲ, ಸ್ನಾಯು ಕಮ್ಮಿ ಇದ್ದವರಿಗೂ ಕ್ರಿಯಾಟಿನಿನ್ ಕಮ್ಮಿ ಬಂದು ನಂಬರ್ ಏರಿದ ಹಾಗೆ ಕಾಣ್ತದೆ. ಅದಕ್ಕೇ ಮೂತ್ರ ನೋಡ್ಬೇಕು.

ಆ ಟೆಸ್ಟ್ ಯುಎಸಿಆರ್, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. 30ರ ಕೆಳಗೆ ಸರಿ, 30ರಿಂದ 300 ಮಧ್ಯಮ, 300 ದಾಟಿದ್ರೆ ಜಾಸ್ತಿ. ಬೆಳಿಗ್ಗೆಯ ಮೊದಲ ಮೂತ್ರ ಒಳ್ಳೇದು. ಜ್ವರ, ಯೂರಿನ್ ಇನ್‌ಫೆಕ್ಷನ್, ಮುಟ್ಟು, ಹಿಂದಿನ ದಿನ ಭಾರೀ ಕೆಲಸ ಮಾಡಿದ್ದು, ಇವೆಲ್ಲ ಇದ್ರೆ ಸುಮ್ಮನೆ ಏರ್ತದೆ, ಅಡಿಕೆ ಕೊಯ್ಲಿನ ಮರುದಿನ ಕೊಡ್ಸಬೇಡಿ. ಮಾವನ ಪ್ಯಾಕೇಜಿನಲ್ಲಿ ಈ ಟೆಸ್ಟೇ ಇರ್ಲಿಲ್ಲ, ಇಪ್ಪತ್ತು ಮೂವತ್ತು ಬೇರೆ ನಂಬರ್ ಇತ್ತು. ಬೇರೆಯಾಗಿ ಮಾಡಿಸಿದೆವು, 64 ಬಂತು.

ಒಂದ್ಸಲ ಈ ಎರಡು ವಾಲ್ವ್ ಅರ್ಥ ಆದ್ರೆ ಮದ್ದುಗಳು ಬಾಯಿಪಾಠ ಮಾಡ್ಲಿಕ್ಕೇ ಇಲ್ಲ, ನನಗೆ ಇದರಲ್ಲಿ ಬಂದ ಖುಷಿ ಹೇಳಿ ಮುಗಿಯುವುದಿಲ್ಲ. ಬಿಪಿ ಮದ್ದುಗಳಾದ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಹೊರಗಿನ ವಾಲ್ವ್ ಸಡಿಲ ಮಾಡ್ತವೆ. ಶುಗರ್ ಮದ್ದುಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಆ ಸಕ್ಕರೆ ಬಾಗಿಲು ಮುಚ್ತವೆ, ಉಪ್ಪು ಕಾವಲಿನವನವರೆಗೆ ಬರ್ತದೆ, ಅವನು ಒಳಗಿನ ವಾಲ್ವ್ ತಾನೇ ಸಣ್ಣ ಮಾಡ್ತಾನೆ. ಎರಡರಲ್ಲೂ ಚೀಲದ ಪ್ರೆಶರ್ ಇಳೀತದೆ, ಹಾಗಾಗಿ ಮದ್ದು ಶುರು ಮಾಡಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಕೆಳಗೆ ಬರ್ತದೆ. ವಾರ್ಡಿನಲ್ಲಿ ರೋಗಿ ಹೆದರಿ "ಮದ್ದಿಂದ ಕಿಡ್ನಿ ಹೋಯ್ತು" ಅಂತ ಬಿಟ್ಟುಬಿಡುವುದು ಇಲ್ಲೇ. 30 ಶೇಕಡದೊಳಗಿನ ಇಳಿತ ಸಾಮಾನ್ಯವಾಗಿ ಒಪ್ತಾರೆ, ಆಮೇಲೆ ವರ್ಷ ವರ್ಷದ ಇಳಿತ ನಿಧಾನ ಆಗ್ತದೆ. ರೋಗಿಗೆ ಇದನ್ನು ಮೊದಲೇ ಹೇಳಿಡುವುದು ನಮ್ಮ ಕೆಲಸ. ಮತ್ತೊಂದು, ಗ್ಲಿಫ್ಲೋಜಿನ್ ತಗೊಳ್ಳುವವರು ವಾಂತಿಭೇದಿ ಆಗಿ ಊಟ ಬಿಟ್ಟ ದಿನ ಆ ಮಾತ್ರೆ ನಿಲ್ಸಿ ಡಾಕ್ಟರಿಗೆ ಫೋನ್ ಮಾಡ್ಬೇಕು, ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವುದು) ಆಗುವ ಅಪಾಯ ಉಂಟು. ಗುಪ್ತಾಂಗದ ಫಂಗಸ್ ಬಗ್ಗೆಯೂ ನಾಚಿಕೆ ಬಿಟ್ಟು ಹೇಳ್ಬೇಕು.

ಹೃದಯದ ಭಾಗ ಬೇಗ ಮುಗಿಸ್ತೇನೆ. ಹಿಡಿದಿಟ್ಟ ಉಪ್ಪು ನೀರನ್ನೂ ಹಿಡೀತದೆ, ರಕ್ತದ ಪ್ರಮಾಣ ಏರ್ತದೆ, ಬಿಪಿ ಏರ್ತದೆ, ಎಡ ಹೃತ್ಕುಕ್ಷಿ ದಪ್ಪ ಆಗಿ ಗಟ್ಟಿಯಾಗ್ತದೆ, ಪಂಪ್ ಸರಿ ಮಾಡಿದ್ರೂ ತುಂಬಿಕೊಳ್ಳುವುದು ಸರಿ ಆಗುವುದಿಲ್ಲ. ಆಲ್ಬುಮಿನ್ ಸೋರುವವರಿಗೆ ಹಾರ್ಟ್ ಅಪಾಯವೂ ಜಾಸ್ತಿ, ಕಿಡ್ನಿಯ ಸಣ್ಣ ನಾಳ ಸೋರ್ತಾ ಉಂಟು ಅಂದ್ರೆ ಬೇರೆ ಕಡೆಯ ನಾಳಗಳೂ ಸರಿ ಇಲ್ಲ ಅಂತ ಓದ್ಬೇಕು.

ತೂಕ ಎಷ್ಟು ಇಳಿಸಬೇಕು? ಇದ್ದದ್ದರ 5 ಶೇಕಡ ಇಳಿದ್ರೇ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಕದಲ್ತವೆ, ಮಾವನಿಗೆ ಅದು ನಾಲ್ಕು ಕಿಲೋ. ಅಮೆರಿಕದಲ್ಲಿ 2002ರಲ್ಲಿ ಫಲಿತಾಂಶ ಬಂದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅನ್ನುವ ಅಧ್ಯಯನದಲ್ಲಿ 7 ಶೇಕಡ ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆ, ಇಷ್ಟನ್ನೇ ಗುರಿ ಇಟ್ಟದ್ದು, ಶುಗರ್ ಬರುವುದು 58 ಶೇಕಡ ಕಮ್ಮಿ ಆಯ್ತು, ಮೆಟ್ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಟ್ಟವರಲ್ಲಿ 31. ಚೆನ್ನೈಯಲ್ಲಿ ಮಾಡಿದ ನಮ್ಮವರ ಅಧ್ಯಯನ 2006ರಲ್ಲಿ ಬಂತು, ಅದರಲ್ಲಿ 28.5 ಶೇಕಡ ಕಮ್ಮಿ, ಅದೂ ಸರಾಸರಿ ತೂಕ ಹೆಚ್ಚೇನೂ ಇಳಿಯದೆ! ತೂಕ ಇಳಿಯಲಿಲ್ಲ ಅಂತ ಎರಡನೇ ತಿಂಗಳಲ್ಲಿ ನಡಿಗೆ ಬಿಡುವವರಿಗೆ ನಾನು ಇದನ್ನೇ ಹೇಳುವುದು. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ಎಲ್ರೂ ಕೇಳ್ತಾರೆ. 2023ರ ಸೆಲೆಕ್ಟ್ ಟ್ರಯಲ್‌ನಲ್ಲಿ ಹೃದ್ರೋಗ ಇದ್ದು ಶುಗರ್ ಇಲ್ಲದ, ತೂಕ ಜಾಸ್ತಿ ಇರುವ 17,604 ಜನರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿ 20 ಶೇಕಡ ಕಮ್ಮಿ ಆಯ್ತು, ಡಾಕ್ಟರ್ ನೋಡಿ ಕೊಡುವ ಮದ್ದು ಅದು, ಮನೆಯಲ್ಲಿ ನಿರ್ಧಾರ ಮಾಡುವಂಥದ್ದಲ್ಲ.

ಊಟದಲ್ಲಿ ನಮ್ಮ ಕಡೆಯ ದೊಡ್ಡ ಸಮಸ್ಯೆ ಉಪ್ಪು. ಡಬ್ಲ್ಯುಎಚ್‌ಒ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಒಂದು ಟೀ ಚಮಚದೊಳಗೆ, ಸಾಂಬಾರು ಪಲ್ಯ ಎಲ್ಲ ಸೇರಿ. ಕುಚ್ಚಲಕ್ಕಿ ಗಂಜಿಯಲ್ಲಿ ಕೊಬ್ಬು ಇಲ್ಲ ಸಕ್ಕರೆ ಇಲ್ಲ ಅಂತ ಮಾವ ವಾದ ಮಾಡ್ತಾರೆ, ಸರಿಯೇ, ಆದರೆ ಆ ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ ಎರಡು, ಸುಟ್ಟ ಹಪ್ಪಳ, ಮೇಲಿಂದ ಚಿಟಿಕೆ ಉಪ್ಪು. ಬಟ್ಟಲೂ ದೊಡ್ಡದು. ಈಗ ಅತ್ತೆ ಮಿಡಿಯನ್ನು ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಒಂದೇ ಕೊಡ್ತಾರೆ, ಹಪ್ಪಳದ ಬದಲು ಹೆಸರುಕಾಳಿನ ಪಲ್ಯ ಇಡ್ತಾರೆ, ಬಟ್ಟಲು ಬದಲಾಯಿಸಿದ್ದಾರೆ.

ಯುಎಸಿಆರ್ ಒಂದೇ ಸಲ ಏರಿದ್ರೆ ಕಾಯಿಲೆ ಅಂತ ಬರೀಬೇಡಿ, ಮೂರು ತಿಂಗಳಾದ ಮೇಲೂ ಹಾಗೇ ಇರಬೇಕು, ವೈವಾದಲ್ಲಿ ಇದನ್ನು ಕೇಳ್ತಾರೆ. ಮಾವನ ಎರಡನೇ ಸ್ಯಾಂಪಲ್ ಮುಂದಿನ ತಿಂಗಳು, ಡಬ್ಬಿ ತಂದಿಟ್ಟಾಗಿದೆ, ನೂಲು ಕೂಡ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದೇನೆ.