ಸೇನೆಯ ಖರ್ಚಿಗೆ ಕತ್ತರಿ: ಬಿದ್ದದ್ದು ಎಲ್ಲಿ?

ಆಲೂಗೆಡ್ಡೆಗೆ ಬೆಲೆಯಿಲ್ಲ, ಸರ್ಕಾರಿ ಆಸ್ಪತ್ರೆಗೆ ದುಡ್ಡಿಲ್ಲ, ಸೇನೆಗೆ ಮಾತ್ರ ಲಕ್ಷಾಂತರ ಕೋಟಿ ಯಾಕೆ? ಬಜೆಟ್ ಬಂದಾಗಲೆಲ್ಲ ಹಾಸನದಲ್ಲಿ ಈ ಮಾತು ಕೇಳಿಬರುತ್ತದೆ. 2025-26ರಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಪ್ರಶ್ನೆ ನ್ಯಾಯವಾದದ್ದೇ, ಹಳೆಯದೂ ಹೌದು.

ಸ್ವಾತಂತ್ರ್ಯದ ಮೊದಲ ಒಂದೂವರೆ ದಶಕ ನೆಹರೂ ಸರ್ಕಾರ ಅಣೆಕಟ್ಟು, ಕಾರ್ಖಾನೆಗಳಿಗೆ ಆದ್ಯತೆ ಕೊಟ್ಟಿತು. ರಕ್ಷಣಾ ವೆಚ್ಚ ಜಿಡಿಪಿಯ ಶೇ 2ರ ಆಸುಪಾಸಿನಲ್ಲಿತ್ತು. 1962ರಲ್ಲಿ ಚೀನಾದೆದುರು ಸೋತ ಮೇಲೆ ಶೇ 4ರ ಹತ್ತಿರ ಹೋಯಿತು. ಬಿಸಿ ಮನೆಮನೆಗೂ ತಟ್ಟಿತು. ವಿದೇಶಿ ವಿನಿಮಯ ಉಳಿಸಲೆಂದು 1963ರಲ್ಲಿ ಬಂದ ಚಿನ್ನ ನಿಯಂತ್ರಣದಲ್ಲಿ 14 ಕ್ಯಾರೆಟ್‌ಗಿಂತ ಶುದ್ಧ ಒಡವೆ ಮಾಡುವಂತಿರಲಿಲ್ಲ. ದೇಶದುದ್ದಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು.

1991ರ ಆರ್ಥಿಕ ಮುಗ್ಗಟ್ಟಿನಲ್ಲಿ ಸೇನೆಯೂ ಕೈ ಬಿಗಿಹಿಡಿಯಬೇಕಾಯಿತು. ಆದರೂ ಸುಖೋಯ್-30 ಯುದ್ಧವಿಮಾನಗಳ ಒಪ್ಪಂದವಾದದ್ದು 1996ರ ನವೆಂಬರಿನಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಕಾರ್ಗಿಲ್ ಯುದ್ಧದಲ್ಲಿ ಮದ್ದುಗುಂಡು, ಸಲಕರಣೆಗಳ ಕೊರತೆ ಬಯಲಾದ ಮೇಲಂತೂ ಖರ್ಚು ಇಳಿಸಿ ಎಂದು ಸಂಸತ್ತಿನಲ್ಲಿ ಎದ್ದುನಿಂತು ಹೇಳುವುದೇ ಕಷ್ಟವಾಯಿತು.

ಹಾಗೆಂದು ಕಡಿತ ನಿಂತಿಲ್ಲ. ಅದರ ಜಾಗ ಬದಲಾಗಿದೆ, ಅಷ್ಟೇ. 2025-26ರ ರಕ್ಷಣಾ ಬಜೆಟ್ಟಿನಲ್ಲಿ ಪಿಂಚಣಿಗೇ ಇಟ್ಟದ್ದು ಸುಮಾರು 1.60 ಲಕ್ಷ ಕೋಟಿ. ಹೊಸ ಶಸ್ತ್ರ, ವಿಮಾನ, ಹಡಗುಗಳಂಥ ಬಂಡವಾಳ ವೆಚ್ಚಕ್ಕೆ ಇಟ್ಟದ್ದು 1.80 ಲಕ್ಷ ಕೋಟಿ. ವೇತನ ಆಯೋಗಗಳ ಜೊತೆಗೆ 2015ರ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯೂ ಸೇರಿ ಈ ಹೊರೆ ಬೆಳೆಯಿತು. ಸೇನೆಯ ಖರ್ಚು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಶೇಕಟ್ಕರ್ ಸಮಿತಿ ಯುದ್ಧಕ್ಕೆ ಬೇಡದ ವಿಭಾಗಗಳನ್ನು ಇಳಿಸಲು ಹೇಳಿತು. ಬ್ರಿಟಿಷರ ಕಾಲದಿಂದ ಸೈನಿಕರಿಗೆ ಹಾಲು ಕೊಡುತ್ತಿದ್ದ ಮಿಲಿಟರಿ ಡೇರಿ ಫಾರಂಗಳು ಮುಚ್ಚಿದವು. ಅದು ಸರಿಯಾದ ಕಡಿತ.

2022ರ ಜೂನಿನಲ್ಲಿ ಬಂದ ಸೈನಿಕರ ನೇಮಕಾತಿ ಯೋಜನೆ ಅಗ್ನಿಪಥ ಹಾಗಲ್ಲ. ನಾಲ್ಕು ವರ್ಷ ಸೇವೆ, ಬಳಿಕ ನಾಲ್ವರಲ್ಲಿ ಒಬ್ಬನಿಗಷ್ಟೇ ಕಾಯಂ ಅವಕಾಶ. ಉಳಿದವರ ಕೈಗೆ ಸುಮಾರು 11.71 ಲಕ್ಷ, ಪಿಂಚಣಿಯಿಲ್ಲ. ಆ ಹಣದಲ್ಲೂ ಅರ್ಧದಷ್ಟು ಹುಡುಗನ ಸಂಬಳದಿಂದಲೇ ತಿಂಗಳು ತಿಂಗಳು ಹಿಡಿದದ್ದು. ಸೇನೆಯನ್ನು ಯುವ ಪಡೆಯಾಗಿಸುವುದೇ ಉದ್ದೇಶವೆನ್ನುತ್ತದೆ ಸರ್ಕಾರ. ಪಿಂಚಣಿಯ ಲೆಕ್ಕವೇ ಇದರ ಬೇರು ಎಂಬುದು ನನ್ನ ಖಚಿತ ಅಭಿಪ್ರಾಯ. ಅರಕಲಗೂಡು, ಅರಸೀಕೆರೆಯ ರೈತರ ಮನೆಗಳಿಗೆ ಸೇನೆಯ ಕೆಲಸವೆಂದರೆ ಮಳೆ ಕೈಕೊಟ್ಟರೂ ನಿಲ್ಲದ ಆದಾಯ. ಉಳಿತಾಯ ಬೇಕೇ ಬೇಕೆಂದರೆ ವರ್ಷಗಟ್ಟಲೆ ಎಳೆದಾಡಿ ದುಬಾರಿಯಾಗುವ ಖರೀದಿಗಳಲ್ಲಿ ಮೊದಲು ಹುಡುಕಬೇಕಿತ್ತು.

ಈ ಯೋಜನೆಯಡಿ ಭೂಸೇನೆ ಸೇರಿದ ಮೊದಲ ಸೈನಿಕರ, ಅಂದರೆ ಅಗ್ನಿವೀರರ, ತರಬೇತಿ ಶುರುವಾದದ್ದು 2023ರ ಜನವರಿಯಲ್ಲಿ. ಅವರ ನಾಲ್ಕು ವರ್ಷ ಮುಗಿಯುವಾಗ ಉಳಿದ ಹಣವೆಷ್ಟು, ಮನೆಗೆ ಮರಳಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಎರಡೂ ಲೆಕ್ಕಗಳನ್ನು ಸರ್ಕಾರ ಸಂಸತ್ತಿನ ಮುಂದಿಡಬೇಕು.